ಅಣ್ಣನ ಕಂಪ್ಯೂಟರಿಗೆ ಹೊಸ ಹಳೇ ಪೆಟ್ಟಿಗೆ

ಅಣ್ಣ ಹಳೆಯ ಹೊದಿಕೆಯೊಂದರಲ್ಲಿ ಸುತ್ತಿ ತಂದ ಗಂಟನ್ನು ತಂಗಿಯ ಕೆಲಸದ ಮೇಜಿನ ಮೇಲೆ, ಒಣಗಲು ಇಟ್ಟಿದ್ದ ಎರಡು ಸೆಟ್ಟು ಹಲ್ಲುಗಳ ನಡುವೆ ಇಳಿಸಿದ.

ತಂಗಿಯದು ಹಲ್ಲು ಕಟ್ಟುವ ಕಸುಬು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದಕ್ಕೆ ತಕ್ಕಂತೆ ಒಸಡು, ಹಲ್ಲು ಎಲ್ಲ ಕೂರಿಸಿ ವಾಪಸು ಕಳಿಸುತ್ತಾಳೆ. ಅವಳು ಕಟ್ಟಿದ ಹಲ್ಲುಗಳು ಊರಿನ ಅರ್ಧ ಫೋಟೋಗಳಲ್ಲಿ ನಗುತ್ತವೆ. ಅವಳ ಮುಖ ಮಾತ್ರ ಯಾರಿಗೂ ಗೊತ್ತಿಲ್ಲ.

"ಏನಿದು ಹೇಳು ನೋಡೋಣ," ಎಂದ ಅಣ್ಣ.

ಹೊದಿಕೆ ಬಿಡಿಸಿದಳು. ಹಲವು ಕೀಗಳು ಉದುರಿಹೋದ ಕೀಬೋರ್ಡು, ಅದರ ಕೆಳಗೆ ಹಸಿರು ಬೋರ್ಡು, ಜೊತೆಗೆ ಬಿಸಿಲಿಗೆ ಬೆಂದು ಚೂರುಚೂರಾದ ಪ್ಲಾಸ್ಟಿಕ್ಕು.

"ನಿನ್ನ ಕಂಪ್ಯೂಟರು," ಎಂದಳು.

"ನಮ್ಮ ಕಂಪ್ಯೂಟರು," ಎಂದು ಅಣ್ಣ ತಿದ್ದಿದ.

ಕೆಟ್ಟು ಮೂಲೆ ಸೇರುವವರೆಗೆ 'ನನ್ನದು' ಆಗಿದ್ದದ್ದು ರಿಪೇರಿಯ ಹೊತ್ತಿಗೆ 'ನಮ್ಮದು' ಆಗಿತ್ತು. ಬದುಕಿದ್ದಾಗ ಅಪ್ಪ, ಕೆಲಸ ಬಿಟ್ಟು ಹೊರಟಿದ್ದ ಸ್ನೇಹಿತನಿಂದ ಕೊಂಡು ತಂದ ಯಂತ್ರ ಅದು. ಟೀವಿಗೆ ಸಿಕ್ಕಿಸಬೇಕು, ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು, ಕ್ಯಾಸೆಟ್ಟಿನ ಕಿರ್ರೆಂಬ ಸದ್ದಿನಿಂದಲೇ ಯಂತ್ರ ಆಟವನ್ನು ತುಂಬಿಕೊಳ್ಳುತ್ತಿತ್ತು. ಅಣ್ಣ ಅದರ ಮುಂದೆ ಕೂತರೆ ಬೀದಿಯ ಹುಡುಗರೆಲ್ಲ ಕಿಟಕಿಗೆ ಮುಖ ಒತ್ತುತ್ತಿದ್ದರು. ತಂಗಿ ಮುಟ್ಟಿದರೆ ಕೆಡುತ್ತದೆ ಎಂಬುದು ಅಣ್ಣನ ಸಿದ್ಧಾಂತ. ಒಂದು ದಿನ ನಿಜವಾಗಿಯೂ ಕೆಟ್ಟಿತು. ನೀನು ಕೆಡಿಸಿದ್ದು ಎಂದು ಅವನು, ನಾನು ಹತ್ತಿರವೂ ಸುಳಿದಿಲ್ಲ ಎಂದು ಇವಳು. ಅಪ್ಪ ನ್ಯಾಯ ತೀರಿಸಲಾಗದೆ ಇಬ್ಬರಿಗೂ ಬಾರಿಸಿದರು. ಆ ತಿಂಗಳಿಡೀ ಅಣ್ಣ ತಂಗಿಯ ನಡುವೆ ಮಾತಿರಲಿಲ್ಲ.

ಅಣ್ಣ ಈಗ ಕಟ್ಟಡಗಳಿಗೆ ಲಿಫ್ಟ್ ಹಾಕಿಸುವ ಕಂಪನಿಯ ಯಜಮಾನ. ಮುಂದಿನ ತಿಂಗಳು ಹೊಸ ಆಫೀಸು ಶುರುವಾಗುವುದಿತ್ತು. ಬಾಗಿಲಿನ ಎದುರಿಗೇ ಗಾಜಿನೊಳಗೆ ಈ ಕಂಪ್ಯೂಟರನ್ನು ಇಡಬೇಕು, ಕೆಳಗೆ 'ಎಲ್ಲವೂ ಇಲ್ಲಿಂದ ಶುರುವಾಯಿತು' ಎಂಬ ಫಲಕ ಇರಬೇಕು ಎಂಬುದು ಅವನ ಯೋಜನೆ.

"ಕಂಪ್ಯೂಟರಿಗೂ ಲಿಫ್ಟಿಗೂ ಏನಣ್ಣ ಸಂಬಂಧ?"

"ಮೇಲಕ್ಕೆ ಹೋಗಬೇಕು ಅನ್ನೋ ಛಲ ನನಗೆ ಹುಟ್ಟಿದ್ದೇ ಇದರಿಂದ," ಎಂದ ಅಣ್ಣ, ಭಾಷಣದ ಅಭ್ಯಾಸ ಆಗಲೇ ಶುರುವಾದವನಂತೆ. "ಮೇಲಿನ ಮುಚ್ಚಳ ಎಲ್ಲೂ ಸಿಗಲಿಲ್ಲ. ಕೆಳಗಿನದನ್ನ ಅಮ್ಮ ಬಾಲ್ಕನಿಯಲ್ಲಿ ಗಿಡದ ಕುಂಡಕ್ಕೆ ತಟ್ಟೆ ಮಾಡಿಕೊಂಡಿದ್ಲು, ಎತ್ತೋವಾಗ ಪುಡಿಯಾಯ್ತು. ನೀನು ಹಲ್ಲೇ ಮಾಡ್ತೀಯ, ಒಂದು ಡಬ್ಬ ಮಾಡೋದೇನು ಮಹಾ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಪುಕ್ಕಟೆ ಬೇಕಾದಾಗ ಮಾತ್ರ ಅದೇ ಗಿಡ ಸಂಜೀವಿನಿಯಾಗುತ್ತದೆ. ತಂಗಿ ಒಪ್ಪಿಕೊಂಡಳು. ಅಣ್ಣನ ಮೇಲಿನ ಪ್ರೀತಿಯಿಂದ ಎನ್ನುವುದಕ್ಕಿಂತ, ಮುಟ್ಟಬೇಡ ಎಂದವನೇ ಮುಟ್ಟು ಎಂದು ಕೈಗೆ ಕೊಟ್ಟಿದ್ದನಲ್ಲ, ಅದಕ್ಕೆ.

ಮೊದಲು ಚೂರುಗಳನ್ನೆಲ್ಲ ಜೋಡಿಸಿ ಹಿಂದಿನಿಂದ ಮೇಣ ಮೆತ್ತಿದಳು. ಕೆಳಗಿನ ಭಾಗದ ಆಕಾರ ಸಿಕ್ಕಿತು. ಮೇಲಿನದಕ್ಕೆ ಒಂದೇ ಆಧಾರ: ಅಪ್ಪ ತೆಗೆದಿದ್ದ ಫೋಟೋ. ಅದರಲ್ಲಿ ಅಣ್ಣನ ಕಿವಿಯ ಹಿಂದೆ ಪೆಟ್ಟಿಗೆಯ ಮುಕ್ಕಾಲು ಭಾಗ ಕಾಣುತ್ತಿತ್ತು. ಒಂದು ಕೀಯ ಅಗಲವನ್ನು ಅಳತೆಗೋಲು ಮಾಡಿಕೊಂಡು, ಭೂತಗನ್ನಡಿ ಹಿಡಿದು ಉಳಿದದ್ದನ್ನೆಲ್ಲ ಲೆಕ್ಕ ಹಾಕಿದಳು. ಕಿವಿ ಮರೆಮಾಡಿದ್ದ ಮೂಲೆಯನ್ನು ಊಹೆಯಿಂದಲೇ ತುಂಬಿದಳು. ಹಲ್ಲಿನ ಕೆಲಸದ ಮೇಣ ಒಸಡಿನ ಬಣ್ಣದ್ದು. ಹಾಗಾಗಿ ಒಂದು ವಾರ ಅವಳ ಮೇಜಿನ ಮೇಲೆ ಗುಲಾಬಿ ಬಣ್ಣದ ಕಂಪ್ಯೂಟರೊಂದು ಬಾಯಿ ತೆರೆದು ಕೂತಿತ್ತು. ಹಲ್ಲು ಒಯ್ಯಲು ಬಂದ ಕ್ಲಿನಿಕ್ಕಿನ ಜವಾನ ಅದನ್ನು ನೋಡಿ, "ಇದು ಯಾರ ಬಾಯಿಗೆ ಮೇಡಂ?" ಎಂದು ಕೇಳಿಹೋದ.

ಮೇಣದ ಸುತ್ತ ಗಾರೆ ಸುರಿದು, ಅದು ಗಟ್ಟಿಯಾದ ಮೇಲೆ ಮೇಣವನ್ನು ಬಿಸಿನೀರಿನಲ್ಲಿ ಕರಗಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಹಲ್ಲಿನ ಪ್ಲಾಸ್ಟಿಕ್ಕನ್ನೇ ತುಂಬಿ ಬೇಯಿಸಿದಳು. ಬಾಯಿಯಷ್ಟಗಲದ ಕೆಲಸಕ್ಕೆ ಒಗ್ಗಿದ ಕೈಗೆ ಮೊಳದುದ್ದದ ಪೆಟ್ಟಿಗೆ ಸುಲಭಕ್ಕೆ ಬಗ್ಗಲಿಲ್ಲ. ಮೊದಲನೆಯದು ಬಿಸಿಗೆ ಸೊಟ್ಟಗಾಯಿತು. ಎರಡನೆಯದನ್ನು ಬಿಸಿ ಬೇಡದ ಪ್ಲಾಸ್ಟಿಕ್ಕಿನಲ್ಲಿ ಮಾಡಿದಳು. ಅದು ನೆಟ್ಟಗೆ ಬಂತು. ಉದುರಿಹೋದ ಕೀಗಳನ್ನು ಒಂದೊಂದಾಗಿ ಎರಕ ಹೊಯ್ದು, ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹಳೆಯ ಕೀಗಳಿಗೆ ಹೊಂದಿಸಿದಳು. ನಡುವಯಸ್ಸಿನ, ದಿನಾ ಚಹಾ ಕುಡಿಯುವ ಮನುಷ್ಯನ ಕೋರೆಹಲ್ಲಿನ ಬಣ್ಣ ಸರಿಯಾಗಿ ಒಪ್ಪಿತು.

ಬೋರ್ಡಿನ ಮೇಲೆ ಒಂದು ಕಡೆ ಕಂದು ಕಲೆ ಹರಡಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಚಿಪ್‌ಗಳ ತುಕ್ಕು ತಿಂದ ಕಾಲುಗಳನ್ನು ಬಿಚ್ಚಿ, ಊದಿಕೊಂಡ ಕೆಪಾಸಿಟರುಗಳನ್ನು ಬದಲಿಸಿ, ಮತ್ತೆ ಬೆಸುಗೆ ಹಾಕಿದಳು. ಹಲ್ಲುಸೆಟ್ಟಿನ ತಂತಿ ಬೆಸೆದ ಕೈ. ಉಳಿದದ್ದನ್ನು ವೀಡಿಯೋ ನೋಡಿ ಕಲಿತಳು. ಸ್ಪೇಸ್ ಬಾರಿನ ಬಲತುದಿಯಲ್ಲಿ ಮಾತ್ರ ಒಂದು ವಿಚಿತ್ರವಿತ್ತು. ಉಗುರು ತಾಗಿ ತಾಗಿ ಅಲ್ಲಿ ಆಳವಾದ ಗೀರು ಬಿದ್ದಿತ್ತು. ಮಕ್ಕಳಿಬ್ಬರ ಉಗುರುಗಳನ್ನೂ ಅಮ್ಮ ವಾರವಾರ ಕತ್ತರಿಸುತ್ತಿದ್ದಳಲ್ಲ, ಹಾಗಾದರೆ ಇದು ಯಾರದು ಎಂದುಕೊಂಡಳು. ಅಷ್ಟಕ್ಕೇ ಬಿಟ್ಟಳು.

ಉತ್ತರ ತಾನಾಗಿಯೇ ನಡೆದು ಬಂತು. ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಆಗೀಗ ಮಗಳ ಅಂಗಡಿಗೆ ಬಂದು ಕೂರುತ್ತಾಳೆ. ಯಂತ್ರಕ್ಕೆ ಜೀವ ಬಂದ ದಿನವೂ ಬಂದಿದ್ದಳು. ತಂಗಿ ಮೂಲೆಯ ಟೀವಿಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ಟಿನ ಬದಲು ಫೋನಿನಿಂದಲೇ, ಪುಟ್ಟ ಮನುಷ್ಯನೊಬ್ಬ ಹತ್ತು ಮಹಡಿಯ ಮೆಟ್ಟಿಲು ಹತ್ತುವ ಆ ಹಳೆಯ ಆಟದ ಶಬ್ದ ಹಾಕಿದಳು. ಕಿರ್ರೆಂಬ ಸದ್ದು ಕೋಣೆ ತುಂಬಿತು. ಸದ್ದು ನಿಂತಾಗ, ಎಲ್ಲ ಕೆಟ್ಟಿತೆಂದು ತಂಗಿ ಸ್ವಿಚ್ಚಿಗೆ ಕೈ ಹಾಕಿದಳು.

"ಆರಿಸಬೇಡ," ಎಂದಳು ಅಮ್ಮ, ಕೈಯಲ್ಲಿದ್ದ ಪತ್ರಿಕೆಯಿಂದ ತಲೆಯೆತ್ತದೆ. "ಎರಡು ಸಲ ಹಾಗೆ ನಿಲ್ಲುತ್ತೆ. ಆಮೇಲೆ ಇನ್ನೊಂದಿಷ್ಟು ಕಿರುಚಿ ಶುರುವಾಗುತ್ತೆ."

ಹಾಗೆಯೇ ಆಯಿತು. ತಂಗಿ ಸ್ವಿಚ್ಚಿನ ಮೇಲಿನ ಕೈ ತೆಗೆದು ಅಮ್ಮನನ್ನು ನೋಡಿದಳು. ಅಮ್ಮನ ಬಲಗೈ ಹೆಬ್ಬೆರಳನ್ನು ನೋಡಿದಳು. ಸೊಪ್ಪು, ಕಾಯಿ ಬಿಡಿಸಲು ಅನುಕೂಲ ಎಂದು ಅಮ್ಮ ಅದೊಂದರ ಉಗುರನ್ನು ಎಂದೂ ಕತ್ತರಿಸಿದವಳಲ್ಲ.

"ಅಮ್ಮಾ, ನೀನು ಆಡ್ತಿದ್ಯಾ?"

"ಧೂಳು ಒರೆಸ್ತಿದ್ದೆ," ಎಂದಳು ಅಮ್ಮ. ಪತ್ರಿಕೆಯ ಹಾಳೆ ತಿರುವಿ, "ಮಧ್ಯಾಹ್ನ ನೀವಿಬ್ರೂ ಸ್ಕೂಲಿಗೆ ಹೋಗಿರ್ತಿದ್ರಿ. ಸುಮ್ನೆ ಕೂತು ಮಾಡೋದಾದ್ರೂ ಏನು," ಎಂದಳು.

"ಅಣ್ಣ ಕೊನೇ ಮಹಡಿವರೆಗೂ ಹತ್ತಿದ್ದೆ ಅಂತಾನೆ."

"ಮೂರನೇದು ದಾಟಿದ್ದು ನಾನು ನೋಡಿಲ್ಲಪ್ಪ."

"ನೀನು?"

"ಕೊನೇವರೆಗೂ ಹೋಗಿದೀನಿ. ಅಲ್ಲೇನೂ ಇಲ್ಲ ಕಣೇ. ಎಲ್ಲಾ ಮುಗೀತು ಅನ್ನೋವಾಗ ಮತ್ತೆ ಮೊದಲಿಂದ ಶುರುವಾಗುತ್ತೆ. ಮನೆಗೆಲಸದ ಹಾಗೆ."

ತಂಗಿ ಬೋರ್ಡಿನ ಕಂದು ಕಲೆಯ ಮಾತೆತ್ತಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡಳು.

"ಅದು ನನ್ನ ಚಹಾನೇ. ಏಳನೇ ಮಹಡೀಲಿ ಲೋಟ ಮಗುಚಿಕೊಳ್ತು."

"ನಮ್ಮಿಬ್ಬರಿಗೂ ಅಪ್ಪ ಹೊಡೆದ್ರು. ನೀನು ನೋಡ್ತಾ ನಿಂತಿದ್ದೆ."

"ಕೇಳಿದ್ರೆ ಹೇಳ್ತಿದ್ದೆ. ನನ್ನ ಯಾರೂ ಕೇಳಲಿಲ್ಲ."

ತಂಗಿಗೆ ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಆ ದಿನವನ್ನು ನೆನೆಸಿಕೊಳ್ಳುತ್ತಾ ಹೋದಂತೆ ಕೋಪ ಆರಿಹೋಯಿತು. ನಿಜವೇ. ಅಪ್ಪ ಬೀದಿಯ ಹುಡುಗರನ್ನು ಕೇಳಿದ್ದರು, ಹಾಲಿನವನನ್ನು ಕೇಳಿದ್ದರು, ಗೋಡೆಯ ಮೇಲಿನ ಹಲ್ಲಿಯ ಮೇಲೂ ಗುಮಾನಿ ಪಟ್ಟಿದ್ದರು. ಅಮ್ಮನನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಅಣ್ಣನಿಗೆ ಹೇಳ್ಲಾ?"

"ಬೇಡ," ಎಂದಳು ಅಮ್ಮ. "ಆಫೀಸಿನ ತುಂಬ ಜನ ಸೇರಿಸ್ತಿದಾನೆ. ಇದೊಂದು ಕಥೆ ಬಿಟ್ರೆ ಅವನ ಹತ್ರ ಹೇಳೋಕೆ ಬೇರೆ ಏನಿದೆ ಪಾಪ."

ಮಾರನೆಯ ವಾರ ಅಣ್ಣ ಬಂದ. ಪೆಟ್ಟಿಗೆ ಹಾಲಿನ ಕೆನೆಯ ಬಣ್ಣದಲ್ಲಿ ಹೊಳೆಯುತ್ತಿತ್ತು. ಅವನು ಸುತ್ತ ಎರಡು ಸಲ ನಡೆದು ನೋಡಿದ. ಮುಖ ಇಳಿಯಿತು.

"ಚೆನ್ನಾಗಿದೆ. ಆದ್ರೆ ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಹಳೇದು ಅಂತ ಯಾರು ನಂಬ್ತಾರೆ?"

"ಹೊಸದಾಗಿ ಮಾಡಿದ್ದು ಹೊಸದಾಗೇ ಇರುತ್ತಣ್ಣ."

"ಸ್ವಲ್ಪ ಹಳದಿ ಮಾಡು. ಅಲ್ಲಲ್ಲಿ ಗೀರು ಹಾಕು. ನಾನು ಇದರ ಮೇಲೆ ದುಡಿದಿದೀನಿ ಅನ್ನೋದು ಕಾಣಬೇಕು."

ತಂಗಿಗೆ ನಗು ತಡೆಯಲಾಗಲಿಲ್ಲ. ಎಂಬತ್ತು ವರ್ಷದವರು ಕೂಡ ಮುತ್ತಿನಂಥ ಬಿಳಿ ಹಲ್ಲು ಬೇಕೆಂದು ಹಟ ಹಿಡಿಯುತ್ತಾರೆ. ತುಸು ಹಳದಿಯಿದ್ದರೇ ಸಹಜ ಎಂದು ಒಪ್ಪಿಸಲು ಅವಳು ಜನ್ಮವಿಡೀ ಗಂಟಲು ಒಣಗಿಸಿಕೊಂಡಿದ್ದಳು. ಕೊನೆಗೂ ಹಳದಿ ಕೇಳುವ ಗಿರಾಕಿ ಸಿಕ್ಕಿದ, ಅವನೂ ಮನೆಯವನೇ.

ಕೆಲಸ ಹಿಡಿದ ಮೇಲೆ ಅರ್ಧಂಬರ್ಧ ಮಾಡುವ ಜಾಯಮಾನ ಅವಳದಲ್ಲ. ಬಿಸಿಲು ಬೀಳುವ ಕಡೆ ಹೆಚ್ಚು, ಅಂಗೈ ಊರುವ ಕಡೆ ಕಡಿಮೆ ಹಳದಿ ಹಚ್ಚಿದಳು. ಸಂದುಗಳಿಗೆ ಕೊಳೆ ತುಂಬಿದಳು. ಅಂಚುಗಳನ್ನು ಬಟ್ಟೆಯಿಂದ ತಿಕ್ಕಿ ನಯ ಮಾಡಿದಳು. ಸ್ಪೇಸ್ ಬಾರನ್ನು ಮಾತ್ರ ಮುಟ್ಟಲಿಲ್ಲ. ಅಣ್ಣ ಬಂದು ಆ ಗೀರಿನ ಮೇಲೆ ಬೆರಳಾಡಿಸಿ, "ನೋಡು, ಎಷ್ಟು ಒತ್ತಿದೀನಿ ನಾನು," ಎಂದ. ತಂಗಿ ಹೂಂ ಎಂದಳು.

ಆಫೀಸು ಶುರುವಾದ ದಿನ ಬಂದವರಲ್ಲಿ ಹಳೆಯ ಯಂತ್ರಗಳನ್ನು ಕೂಡಿಡುವ ಒಬ್ಬ ಸಂಗ್ರಹಕಾರರಿದ್ದರು. ತಜ್ಞರ ಬಾಯಲ್ಲಿ ನಾಲ್ಕು ಒಳ್ಳೆಯ ಮಾತು ಬರಲಿ ಎಂದು ಅಣ್ಣನೇ ಕರೆಸಿದ್ದ. ಅವರು ಗಾಜು ಎತ್ತಿಸಿ, ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಪರೀಕ್ಷಿಸಿದರು.

"ಪೆಟ್ಟಿಗೆ ಅಪ್ಪಟ ಅಸಲಿ," ಎಂದರು. "ಈ ಹಳದಿ ನೋಡಿ. ಇದು ಕಾಲ ಮಾತ್ರ ಕೊಡೋ ಬಣ್ಣ. ಯಾವ ಮನುಷ್ಯನಿಗೂ ನಕಲು ಮಾಡೋಕಾಗಲ್ಲ."

ಗುಂಪಿನ ಹಿಂದೆ ನಿಂತಿದ್ದ ತಂಗಿಗೆ, ಕಸುಬಿಗಿಳಿದಾಗಿನಿಂದ ಸಿಗದಿದ್ದ ಬಿರುದು ಒಮ್ಮೆಲೇ ಸಿಕ್ಕಿತು. ತೆಗೆದುಕೊಳ್ಳಲು ಮುಂದೆ ಹೋಗುವಂತಿರಲಿಲ್ಲ, ಅಷ್ಟೇ.

"ಆದ್ರೆ ಈ ಸ್ಪೇಸ್ ಬಾರು," ಎಂದು ಅವರು ಮುಂದುವರಿಸಿದರು, "ಯಾರೋ ಬೇಕಂತಲೇ ಗೀರಿದ ಹಾಗಿದೆ. ಇಷ್ಟು ಆಳದ ಗೀರು ಮಕ್ಕಳು ಆಡಿದ್ರೆ ಬರಲ್ಲ. ಇದೊಂದು ಮಾತ್ರ ನಕಲಿ."

ಅಣ್ಣನ ಮುಖ ಕೆಂಪಾಯಿತು. ಮೊದಲ ಸಾಲಿನ ಕುರ್ಚಿಯಲ್ಲಿದ್ದ ಅಮ್ಮ ತನ್ನ ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಸಲಿಯೋ ನಕಲಿಯೋ ಆಡಿಯೇ ತೋರಿಸುತ್ತೇನೆಂದು ಅಣ್ಣ ಕೋಟು ಬಿಚ್ಚಿ ಕೂತ. ಗೋಡೆಯ ದೊಡ್ಡ ಟೀವಿಯಲ್ಲಿ ಪುಟ್ಟ ಮನುಷ್ಯನೊಬ್ಬ ಮೆಟ್ಟಿಲ ಬುಡದಲ್ಲಿ ಕಾಣಿಸಿಕೊಂಡ. ಮೊದಲ ಮೆಟ್ಟಿಲಲ್ಲೇ ಬಿದ್ದ. ಮತ್ತೆ ಹುಟ್ಟಿ ಬಂದು ಅದೇ ಮೆಟ್ಟಿಲಲ್ಲಿ ಬಿದ್ದ. ಲಿಫ್ಟ್ ಕಂಪನಿಯ ಯಜಮಾನನಿಗೆ ಮೆಟ್ಟಿಲು ಹತ್ತಲು ಬಾರದೆಂದು ಯಾರೋ ಪಿಸುಗುಟ್ಟಿದರು, ಸುತ್ತಲಿನವರು ಕೆಮ್ಮಿದರು.

"ನನ್ನ ತಂಗಿ ರಿಪೇರಿ ಮಾಡೋವಾಗ ಕೀಗಳನ್ನ ಬಿಗಿ ಮಾಡಿಬಿಟ್ಟಿದಾಳೆ," ಎಂದ ಅಣ್ಣ ಎಲ್ಲರಿಗೂ ಕೇಳುವಂತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಂಗಿಗೆ ಈ ದೂರು ಹೊಸದಲ್ಲ. ಆದರೆ ಅಮ್ಮನಿಂದ ತಡೆಯಲಾಗಲಿಲ್ಲ. ಮಗಳ ಮೇಲೆ ಗೂಬೆ ಕೂರಿಸಿದ್ದಕ್ಕೋ, ಅಷ್ಟು ಕೆಟ್ಟ ಆಟ ನೋಡಲಾಗದೆಯೋ, ಕುರ್ಚಿಯನ್ನು ಮಗನ ಪಕ್ಕಕ್ಕೆ ಎಳೆದುಕೊಂಡಳು.

"ಅವಸರ ಮಾಡಬೇಡ," ಎಂದಳು ಮೆಲ್ಲಗೆ. "ಚೆಂಡು ಬಂದು ಹೋಗ್ಲಿ. ಹಾಂ, ಈಗ ಹಾರು. ಬಲಕ್ಕೆ. ಅಲ್ಲಿ ನಿಲ್ಲಬೇಡ, ಅದು ಕುಸಿಯುತ್ತೆ."

ಪುಟ್ಟ ಮನುಷ್ಯ ಒಂದನೇ ಮಹಡಿ ದಾಟಿದ, ಎರಡು, ಮೂರು, ನಾಲ್ಕು. ಹತ್ತನೆಯದು ಮುಗಿದು ಮತ್ತೆ ಮೆಟ್ಟಿಲ ಬುಡಕ್ಕೆ ಬಂದು ನಿಂತಾಗ ಆಫೀಸಿಡೀ ಚಪ್ಪಾಳೆ ತಟ್ಟಿತು. ಅಣ್ಣ ಬೆವರೊರೆಸಿಕೊಂಡು ಎದ್ದು ಕೈಮುಗಿದ. ಸಂಗ್ರಹಕಾರರೇ ಅವನ ಕೈಕುಲುಕಿದರು.

ಎಲ್ಲರೂ ಹೋದ ಮೇಲೆ ಅಣ್ಣ ತಂಗಿಯನ್ನು ಪಕ್ಕಕ್ಕೆ ಕರೆದ. ಅವನ ಕಣ್ಣು ತೇವವಾಗಿತ್ತು.

"ನೋಡಿದ್ಯಾ ಅಮ್ಮನ್ನ? ನಾನು ಆಡೋದನ್ನ ಆಗ ಎಷ್ಟು ಗಮನ ಇಟ್ಟು ನೋಡಿದ್ರೆ ಇದೆಲ್ಲ ಇನ್ನೂ ನೆನಪಿರುತ್ತೆ ಹೇಳು."

ತಂಗಿ ಬಾಯಿ ತೆರೆದಳು. ಅಷ್ಟು ದೂರದಲ್ಲಿ ಚಪ್ಪಲಿ ಹುಡುಕುತ್ತಿದ್ದ ಅಮ್ಮ ಇವಳ ಕಡೆ ಒಮ್ಮೆ ನೋಡಿದಳು.

"ಹೌದಣ್ಣ," ಎಂದಳು ತಂಗಿ.

ಆಮೇಲೆ ಅಮ್ಮ ದಿನಾ ಮಧ್ಯಾಹ್ನ ಆಫೀಸಿಗೆ ಹೋಗಲು ಶುರುಮಾಡಿದಳು. ಮಗನಿಗೆ ಬಿಸಿ ಊಟ ತಲುಪಿಸಬೇಕು ಎಂಬುದು ನೆಪ. ಡಬ್ಬಿ ಒಳಗೆ ಹೋಗುತ್ತದೆ. ಅಮ್ಮ ಹೊರಗೆ ಉಳಿಯುತ್ತಾಳೆ. ಬಾಗಿಲ ಬಳಿ ಕೂರುವ ಹುಡುಗಿ ಹೇಳಿಸಿಕೊಳ್ಳದೆ ಗಾಜು ಎತ್ತಿ ಪಕ್ಕಕ್ಕಿಡುತ್ತಾಳೆ. ಅಣ್ಣ ಒಳಗೆ ಊಟ ಮಾಡುತ್ತಾ, ಬಂದ ಗಿರಾಕಿಗಳಿಗೆಲ್ಲ, ಈ ವಯಸ್ಸಲ್ಲೂ ನಮ್ಮಮ್ಮನಿಗೆ ನನ್ನ ಬಿಟ್ಟು ಅರ್ಧ ದಿನ ಇರೋಕಾಗಲ್ಲ ಎನ್ನುತ್ತಾನೆ. ತಾಯಿಯೆಂದರೆ ಹೀಗಿರಬೇಕು ಎಂದು ಅವರು ತಲೆದೂಗುತ್ತಾರೆ. ಹೊರಗಿನಿಂದ ಪುಟ್ಟ ಮನುಷ್ಯ ಮೆಟ್ಟಿಲು ಹಾರುವ ಸದ್ದು ಒಂದೇ ಸಮನೆ ಕೇಳಿಬರುತ್ತಿರುತ್ತದೆ.