ಅಪ್ಪ ಹಿಡಿದ ಸೀಟು

ಶೆಟ್ಟಿಹಳ್ಳಿಯ ಬಡಾವಣೆಗೆ ನಾವು ಮನೆ ಬದಲಾಯಿಸಿದ ದಿನ, ಒಲೆಯ ಮೇಲಿಟ್ಟ ಹಾಲು ಉಕ್ಕುವುದಕ್ಕೂ ಮೊದಲೇ ಎದುರು ಮನೆಯ ಸ್ವರ್ಣಲತಾ ಬಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಕೊನೆಗೆ ಜಾತಿಯನ್ನೂ ಕೇಳಲಿಲ್ಲ. "ಮಗೂನ ಯಾವ ಸ್ಕೂಲಿಗೆ ಹಾಕ್ತಿದೀರಾ?" ಅಂದರು. ಇನ್ನೂ ನೋಡಬೇಕು ಅಂದೆ. ನಮ್ಮ ಮನೆಗೆ ಬಾಗಿಲೇ ಇಲ್ಲ ಅಂತ ಹೇಳಿದ್ದರೂ ಅವರ ಮುಖ ಅಷ್ಟು ಬಾಡುತ್ತಿರಲಿಲ್ಲ.

"ಈ ಬೀದಿಯೋರೆಲ್ಲಾ ಇಂಟರ್‌ನ್ಯಾಷನಲ್‌ಗೇ ಕಳ್ಸೋದು. ನಮ್ಮ ಮಗನೂ ಅಲ್ಲೇ, ಒಂದನೇ ಕ್ಲಾಸು. ಬೇಗ ನೋಡ್ಕೊಳಿ, ಸೀಟ್ ಸಿಗಲ್ಲ," ಅಂತ ಹೇಳಿ ಹಾಲು ಉಕ್ಕಿದ ಮೇಲೆ ಹೋದರು.

ಆ ಶಾಲೆಯ ಪೂರ್ತಿ ಹೆಸರು ಇಲ್ಲಿ ಬೇಡ. ಹೆಸರಿನ ಬಾಲಕ್ಕೆ ಇಂಟರ್‌ನ್ಯಾಷನಲ್ ಅಂತ ಸೇರಿಸಿದ್ದಾರೆ. ಅದರ ಬಸ್ಸು ಮಾತ್ರ ಊರಂಚಿನ ಕ್ಯಾತ್ಸಂದ್ರದಿಂದ ಆಚೆಗೆ ಹೋಗುವುದಿಲ್ಲ.

ನನ್ನ ಗಂಡ ಗಂಗಾಧರ್‌ಗೆ ಗುಬ್ಬಿಯಿಂದ ತುಮಕೂರಿಗೆ ವರ್ಗವಾಗಿದ್ದು ಜೂನ್‌ನಲ್ಲಿ, ಶಾಲೆಗಳೆಲ್ಲ ಶುರುವಾದ ಮೇಲೆ. ವರ್ಗ ಮಾಡುವವರಿಗೆ ಮಕ್ಕಳಿರುವುದಿಲ್ಲವೋ ಏನೋ. ನಮ್ಮ ಮಗಳು ಪಲ್ಲವಿ ಒಂದನೇ ಕ್ಲಾಸಿಗೆ ಸೇರಬೇಕಾದವಳು. ಸಾಮಾನು ಸಾಗಿಸುವ ಗಲಾಟೆಯಲ್ಲಿ ಅವಳು ಕಾಲಿಗೆ ಸಿಗುವುದು ಬೇಡ ಅಂತ ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿ ನನ್ನ ಅಪ್ಪ ಅವ್ವನ ಹತ್ತಿರ ಬಿಟ್ಟು ಬಂದಿದ್ದೆವು.

"ಹಿಂದಿನ ಬೀದೀಲೇ ಒಂದು ಹಳೇ ಸ್ಕೂಲ್ ಇದೆಯಲ್ಲೇ. ನಡ್ಕೊಂಡೇ ಹೋಗ್ಬೋದು," ಅಂದ ಗಂಗಾಧರ್.

"ಗೇಟಿಗೆ ಬಣ್ಣ ಹೊಡ್ಸೋಕಾಗದೋರು ಮಗೂಗೆ ಏನ್ರೀ ಕಲಿಸ್ತಾರೆ?" ಅಂದೆ. ಅವನು ಸುಮ್ಮನಾದ. ಒಳ್ಳೆಯ ಗಂಡ. ಬಾಯಿ ಮುಚ್ಚಿಕೊಳ್ಳುವುದನ್ನು ಮದುವೆಯಾದ ವರ್ಷವೇ ಕಲಿತವನು.

ನನಗೆ ಇಂಟರ್‌ನ್ಯಾಷನಲ್ ಸೀಟೇ ಬೇಕಿತ್ತು. ಯಾಕೆ ಅಂತ ಯಾರಾದರೂ ಕೇಳಿದ್ದರೆ, ಎಲ್ಲರಿಗೂ ಬೇಕಲ್ಲ, ಅದಕ್ಕೆ ಅಂತ ಹೇಳುತ್ತಿದ್ದೆ. ಬೆಳಿಗ್ಗೆ ಆ ಹಳದಿ ಬಸ್ಸು ಬೀದಿಗೆ ಬಂದಾಗ ತಾಯಂದಿರೆಲ್ಲ ಗೇಟಿಗೆ ಬಂದು ಕೈ ಬೀಸುತ್ತಿದ್ದರು. ನಾನೊಬ್ಬಳು ಪೊರಕೆ ಹಿಡಿದುಕೊಂಡು ಬಸ್ಸಿನ ಬೆನ್ನು ನೋಡುತ್ತಿದ್ದೆ. ಪಲ್ಲವಿಗೆ ಅಲ್ಲಿ ಸೀಟು ಸಿಗದಿದ್ದರೆ ಈ ಬೀದಿಯಲ್ಲಿ ತಲೆಯೆತ್ತಿ ಸೊಪ್ಪು ಕೊಳ್ಳುವುದಕ್ಕೂ ಆಗಲ್ಲ ಅನ್ನಿಸಿಬಿಟ್ಟಿತ್ತು. ಹೋಗಿ ವಿಚಾರಿಸಿದರೆ ಆಫೀಸಿನಲ್ಲಿದ್ದ ಹುಡುಗಿ ತಲೆ ಎತ್ತದೆ, "ಫುಲ್ ಆಗಿದೆ ಮೇಡಂ. ಶನಿವಾರ ಬನ್ನಿ, ಒಂದು ಸೀಟ್ ಬಿಟ್ರೂ ಬಿಡಬೋದು. ಮೊದಲು ಬಂದೋರಿಗೆ," ಅಂದಳು.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿ ಅತ್ತೇಬಿಟ್ಟೆ.

"ಅಪ್ಪಾ, ಸೀಟೇ ಸಿಗ್ತಿಲ್ಲ."

"ಜನ ಬಾಳ ಅವ್ರಾ?"

"ಬಾಳ ಜನ."

"ಕಿಟಕಿ ಐತಾ?"

ಅದ್ಯಾಕೆ ಕೇಳುತ್ತಿದ್ದಾನೆ ಅಂತ ಹೊಳೆಯಲಿಲ್ಲ. ಇದೆ ಅಂದೆ.

"ಅಂಗಾರೆ ಅಳಬ್ಯಾಡ ಬುಡು. ಶನಿವಾರ ಮಗೀನೂ ಕರ್ಕಂಡು ನಾನೇ ಬತ್ತೀನಿ."

ನನ್ನ ಅಪ್ಪ ಮುದ್ದಯ್ಯನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ರಾಗಿ ಬೆಳೆಯುವುದರಲ್ಲಿ ಅವನು ಸಾಧಾರಣ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅವನ ಹೆಗಲ ಮೇಲಿನ ಟವೆಲ್ಲು ಕಿಟಕಿಯೊಳಗೆ ಬಿದ್ದಿರುತ್ತದೆ. ಬಿತ್ತು ಅಂದರೆ ಮುಗಿಯಿತು. ಸೀಟಿನ ಮೇಲೆ ಟವೆಲ್ಲಿದ್ದರೆ ಮನುಷ್ಯನೇ ಕೂತಿದ್ದಾನೆ ಅಂತ ಲೆಕ್ಕ. ಪೊಲೀಸಿನವನು ಬಂದರೂ ಅದನ್ನೆತ್ತಿ ಪಕ್ಕಕ್ಕಿಡುವುದಿಲ್ಲ, ನಿಂತುಕೊಂಡೇ ತುಮಕೂರಿಗೆ ಹೋಗುತ್ತಾನೆ. ನಮ್ಮ ಕಡೆ ಜಮೀನಿನ ಪತ್ರಕ್ಕೆ ತಕರಾರು ಬರಬಹುದು, ಟವೆಲ್ಲಿಗೆ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ನೇರವಾಗಿ ಶಾಲೆಯ ಗೇಟಿಗೇ ಬಂದ. ಅವನ ಕೈ ಹಿಡಿದಿದ್ದ ಪಲ್ಲವಿ ಮಾತಿನ ನಡುವೆ ಇದ್ದಳು. ಆ ಮಾತು ಎಲ್ಲಿ ಶುರುವಾಯಿತೋ ಗೊತ್ತಿಲ್ಲ, ನಮ್ಮನ್ನು ನೋಡಿದ ಮೇಲೂ ಮುಗಿಯಲಿಲ್ಲ.

"ಕುಣಿಗಲ್‌ನಲ್ಲಿ ಬಾಯ್ ಬಿಟ್ಟೋಳು ಇನ್ನೂ ಮುಚ್ಚಿಲ್ಲ ಕಣವ್ವ. ಬಸ್ಸಲ್ಲಿದ್ದೋರ್ಗೆಲ್ಲ ನಮ್ಮನೆ ಸುದ್ದಿ ಬಾಯಿಪಾಠ ಆಗೋಗೈತೆ," ಅಂತ ಅಪ್ಪ ಹೆಮ್ಮೆಯಿಂದ ಹೇಳಿದ.

ಒಳಗೆ ವರಾಂಡದ ತುಂಬ ಅಪ್ಪ ಅಮ್ಮಂದಿರು. ಮನೆಯಲ್ಲಿ ಏನು ಮಾತಾಡುತ್ತಾರೋ, ಅಲ್ಲಿ ಮಾತ್ರ ಎಲ್ಲರೂ ಮಕ್ಕಳಿಗೆ ಇಂಗ್ಲಿಷಿನಲ್ಲಿ ಗದರುತ್ತಿದ್ದರು. ನನ್ನ ಪಕ್ಕದಲ್ಲಿ ಚೇಳೂರಿನಿಂದ ಮೊಮ್ಮಗನನ್ನು ಕರೆತಂದ ಪರಮಶಿವಯ್ಯ ಅನ್ನುವ ಹಿರಿಯರು ಕೂತಿದ್ದರು. ಒಂದನೇ ಕ್ಲಾಸಿನಲ್ಲಿ ಒಂದೇ ಒಂದು ಸೀಟು ಖಾಲಿ ಇದೆ, ಪ್ರಿನ್ಸಿಪಾಲರು ಬಂದ ಮೇಲೆ ಹೇಳುತ್ತಾರೆ ಅಂತ ಆಫೀಸಿನ ಹುಡುಗಿ ಬಂದು ಹೇಳಿ ಹೋದಳು. ನಾನು ತಿರುಗಿ ನೋಡಿದರೆ ಅಪ್ಪ ಇಲ್ಲ.

ಸ್ವಲ್ಪ ಹೊತ್ತಿಗೆ ಬಂದ. ಹೆಗಲು ಬರಿದಾಗಿತ್ತು.

"ಸೀಟ್ ಆಯ್ತು ಕಣವ್ವ. ಕಿಟಕಿ ಪಕ್ಕದ್ದೇ," ಅಂದ, ಇಡೀ ವರಾಂಡಕ್ಕೆ ಕೇಳುವ ಹಾಗೆ.

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಬಾಯಿಬಿಟ್ಟವರು ಪರಮಶಿವಯ್ಯ. "ಯಾವ ಕಡೆ ಕಿಟಕಿ?" ಅಂದವರೇ ಪಂಚೆ ಎತ್ತಿ ಕಟ್ಟಿ ಓಡಿದರು. ಅವರ ಹಿಂದೆ ಸೂಟು ಹಾಕಿದ ಒಬ್ಬರು ಓಡಿದರು. ಆಮೇಲೆ ಯಾರು ಯಾರ ಹಿಂದೆ ಓಡಿದರು ಅಂತ ಹೇಳಲಾರೆ. ಅಷ್ಟು ಹೊತ್ತು ಇಂಗ್ಲಿಷಿನಲ್ಲಿದ್ದ ವರಾಂಡ ಒಂದೇ ಏಟಿಗೆ ಗುಬ್ಬಿ ಬಸ್ ಸ್ಟ್ಯಾಂಡಿನ ಭಾಷೆಗೆ ಇಳಿಯಿತು. "ಏನ್ಲಾ ನೋಡ್ತಿದೀಯಾ, ಕರ್ಚೀಪ್ ಎಸೀಲಾ!" ಅಂತ ಒಬ್ಬಾಕೆ ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಒಂದನೇ ಕ್ಲಾಸಿನ ಕಿಟಕಿಗಳಿಂದ ಕರ್ಚೀಫು, ಊಟದ ಚೀಲ, ಒಂದು ದುಪಟ್ಟಾ, ಯಾರದೋ ಛತ್ರಿ, ಎಲ್ಲ ಒಳಗೆ ಬಿದ್ದವು.

ಪ್ರಿನ್ಸಿಪಾಲ್ ಮಾಲಿನಿ ಮೇಡಂ ಬಂದಿದ್ದೇ ಆಗ. ಅಪ್ಪನ ಟವೆಲ್ಲನ್ನು ನೋಡಿ ಬಂದು ವರಾಂಡದ ನಡುವೆ ನಿಂತರು.

"ಯಾರದು ಟವೆಲ್?"

"ನಂದೇ ಮೇಡಂ. ಕುರ್ಚಿ ಖಾಲಿ ಇತ್ತು, ಹಾಕ್ದೆ," ಅಂದ ಅಪ್ಪ.

"ಯಜಮಾನ್ರೇ, ಇದು ಸ್ಕೂಲು. ಬಸ್ಸಲ್ಲ."

"ಬಾಗ್ಲಲ್ಲೇ ನಾಲ್ಕ್ ಬಸ್ ನಿಲ್ಸಿದೀರಲ್ಲ ತಾಯೀ. ನಂಗೇನ್ ಗೊತ್ತು?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಮುಖ ಕೆಂಪಾಯಿತು. ಎಲ್ಲರನ್ನೂ ನೋಡಿ, ಇಂಟರ್‌ವ್ಯೂ ಮಾಡಿಯೇ ಸೀಟು ಕೊಡುವುದು ಅಂದರು. ಸೂಟಿನವರು ತಾವೇ ಎಲ್ಲರಿಗಿಂತ ಮೊದಲು ಬಂದಿದ್ದು ಅಂದರು. ಆಗ ಪರಮಶಿವಯ್ಯ ಕೈ ಎತ್ತಿದರು.

"ಬಂದೋರ್ ಯಾರಾದ್ರೂ ಆಗ್ಲಿ ಮೇಡಂ. ಮೊದ್ಲು ಟವೆಲ್ ಬಿದ್ದಿದ್ದು ಅವ್ರುದ್ದು. ನಾನೂ ಎಸ್ದೆ, ನಂದು ನೆಲದ್ ಮ್ಯಾಲೆ ಬಿತ್ತು. ಸುಳ್ಳ್ಯಾಕ್ ಹೇಳ್ಲಿ? ಸೀಟ್ ಅವ್ರುದ್ದೇ."

"ಹೌದು, ಅದು ನ್ಯಾಯ," ಅಂತ ವರಾಂಡವೇ ಗೊಣಗಿತು. ಸೂಟಿನವರು ಕೂಡ ತಲೆ ತಗ್ಗಿಸಿದರು. ಅವರದೂ ತಿಪಟೂರೋ ತುರುವೇಕೆರೆಯೋ ಇರಬೇಕು. ಇಬ್ಬರು ಮೊಬೈಲ್ ತೆಗೆದು ವಿಡಿಯೋ ಮಾಡುತ್ತಿದ್ದರು. ಮೇಡಂ ಅದನ್ನು ನೋಡಿದರು, ಉಸಿರು ಬಿಟ್ಟರು, "ಸರಿ, ಇವರ ಮಗೂಗೇ ಕೊಡಿ. ಮೊದಲು ಆ ಟವೆಲ್ ತೆಗೀರಿ," ಅಂದರು.

"ಕೂರೋರು ಬಂದ್ ಕೂತ್ಮೇಲೇ ಟವೆಲ್ ತೆಗ್ಯೋದು," ಅಂತ ಹೇಳಿ ಅಪ್ಪ ಪಲ್ಲವಿಯನ್ನು ಕರೆದುಕೊಂಡು ಕ್ಲಾಸಿಗೇ ಹೋಗಿಬಿಟ್ಟ. ನಾನೂ ಗಂಗಾಧರನೂ ಅರ್ಜಿ ತುಂಬಲು ಕೂತೆವು. ನನಗೆ ಕುಣಿಯುವುದೊಂದೇ ಬಾಕಿ. ಸ್ವರ್ಣಲತಾ ಎದುರಿಗೆ ಸಿಕ್ಕಾಗ ಎಷ್ಟು ಸಾಧಾರಣವಾಗಿ ಹೇಳಬೇಕು ಅನ್ನುವುದನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ.

ಅರ್ಜಿ ಮುಗಿಸಿ ಅವರಿಬ್ಬರನ್ನೂ ಕರೆಯಲು ಕ್ಲಾಸಿನ ಬಾಗಿಲಿಗೆ ಹೋದೆ. ಅಪ್ಪ ಆ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತಿದ್ದ. ತೊಡೆಯ ಮೇಲೆ ಪಲ್ಲವಿ. ಮಿಸ್ಸು ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು. ಕ್ಲಾಸಿನ ತುಂಬ ಮಕ್ಕಳು, ಒಬ್ಬೊಬ್ಬರ ಬಾಯಿಯ ಮೇಲೂ ಒಂದೊಂದು ಬೆರಳು. ಮೂರನೇ ಸಾಲಿನಲ್ಲಿ ಸ್ವರ್ಣಲತಾ ಅವರ ಮಗ ಕೂತಿದ್ದ. ಅವನ ತಲೆಯ ಮೇಲೆ ಕಿಟಕಿಯಿಂದ ಬಂದ ಕರ್ಚೀಫು ಇನ್ನೂ ಹಾಗೇ ಇತ್ತು. ಅವನು ಅದನ್ನು ತೆಗೆದೂ ಇರಲಿಲ್ಲ, ಬಾಯಿಯ ಮೇಲಿನ ಬೆರಳನ್ನು ಇಳಿಸಿಯೂ ಇರಲಿಲ್ಲ.

ಅಪ್ಪ ಎದ್ದು ಬಂದ. ಟವೆಲ್ಲನ್ನೂ ಎತ್ತಿಕೊಂಡು ಬಂದ.

"ಅದ್ಯಾಕೆ ತೆಗ್ದೆ? ಇನ್ನೂ ಫೀಸ್ ಕಟ್ಟಿಲ್ಲ," ಅಂದೆ.

"ಅಲ್ಲ ಕಣವ್ವ, ಈ ಬಸ್ಸು ಎಲ್ಲಿಗೋಯ್ತದೆ ಅಂತ ಕೇಳಿದ್ಯಾ?"

"ಏನಪ್ಪಾ ನಿಂದು?"

"ಕಿಟಕೀಲಿ ಟವೆಲ್ ಬಿತ್ತು, ಚೀಲ ಬಿತ್ತು, ಛತ್ರಿ ಬಿತ್ತು. ಆ ಮಗೀನ ತಲೆ ಮ್ಯಾಲೆ ಕರ್ಚೀಪ್ ಬಿತ್ತು. ಒಂದ್ ಮಗಾನೂ ನಗ್ಲಿಲ್ಲ ಕಣವ್ವ. ನಂಗೇ ನಗು ತಡಿಯಕಾಗ್ಲಿಲ್ಲ. ಇವು ಮಕ್ಳಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. "ಶಿಸ್ತು ಅಂದ್ರೆ ಹಂಗೇ ಇರೋದು. ನಿನ್ ಬಸ್ ಸ್ಟ್ಯಾಂಡಲ್ಲ ಇದು," ಅಂದೆ.

"ಸೀಟ್ ಹಿಡ್ಕೊಡು ಅಂದೆ, ಹಿಡ್ಕೊಟ್ಟೆ. ಸೀಟ್ ಹಿಡಿಯೋ ಗಡಿಬಿಡೀಲಿ ನಾನೂ ಬಸ್ಸಿನ ಬೋರ್ಡ್ ನೋಡ್ಲಿಲ್ಲ, ನೀನೂ ನೋಡ್ಲಿಲ್ಲ. ಇನ್ನು ನಿನ್ನಿಷ್ಟ," ಅಂದ. ಅಷ್ಟೇ. ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

ನಾನು ಅವನ ಮಾತು ಕೇಳಲಿಲ್ಲ. ಪಲ್ಲವಿಯ ಕೈ ಹಿಡಿದು ಫೀಸ್ ಕಟ್ಟುವ ಕೌಂಟರಿಗೆ ಹೋದೆ. ಎಲ್ಲಾ ಅಜ್ಜಂದಿರಿಗೂ ಮೊಮ್ಮಕ್ಕಳು ದೊಡ್ಡ ಶಾಲೆಗೆ ಹೋದರೆ ಒಂಥರಾ ಆಗುತ್ತದೆ ಅಂತ ನನ್ನಷ್ಟಕ್ಕೆ ನಾನೇ ಸಮಾಧಾನ ಹೇಳಿಕೊಂಡೆ. ಗಂಗಾಧರ್ ಪರ್ಸು ತೆಗೆದ. ಕೌಂಟರಿನ ಹುಡುಗಿ ಬಗ್ಗಿ ನೋಡಿ, ಅಕ್ಕರೆಯಿಂದಲೇ ಕೇಳಿದಳು. "ಪುಟ್ಟಿ, ನಿನ್ನ ಹೆಸರೇನು?"

ಪಲ್ಲವಿ ನನ್ನ ಮುಖ ನೋಡಿದಳು. ಅವಳ ಬೆರಳು ಬಾಯಿಯ ಮೇಲೇ ಇತ್ತು. ಬೆರಳಿನ ಹಿಂದಿನಿಂದಲೇ ಮೆಲ್ಲಗೆ ಕೇಳಿದಳು.

"ಅಮ್ಮಾ, ಹೇಳ್ಬೋದಾ?"

ತನ್ನ ಹೆಸರು ಹೇಳುವುದಕ್ಕೆ ನನ್ನ ಮಗಳು ಅಪ್ಪಣೆ ಕೇಳಿದ್ದಳು. ಇದೇ ಹುಡುಗಿ ಬೆಳಿಗ್ಗೆ ಒಂದು ಬಸ್ಸಿಗೆ ಬಸ್ಸನ್ನೇ ಮಾತಾಡಿಸಿಕೊಂಡು ಬಂದಿದ್ದಳು. ಆ ಕ್ಲಾಸಿನಲ್ಲಿ ಒಂದು ಪಾಠದ ಹೊತ್ತೂ ಕೂತಿರಲಿಲ್ಲ. ಒಂದು ವರ್ಷ ಕೂತರೆ ಏನು ಉಳಿಯುತ್ತದೆ ಅಂತ ಯೋಚಿಸಿದೆ, ಅದನ್ನು ಪೂರ್ತಿ ಯೋಚಿಸಲು ನನಗೆ ಧೈರ್ಯವಾಗಲಿಲ್ಲ.

"ಹೇಳ್ಬೋದು ಮಗಳೇ. ಆದ್ರೆ ಇಲ್ಲಿ ಬೇಡ," ಅಂದೆ. ಕೌಂಟರಿನಿಂದ ಅರ್ಜಿಯನ್ನು ಎಳೆದುಕೊಂಡೆ. ಗಂಗಾಧರ್ ಕಾರಣ ಕೇಳದೆ ಪರ್ಸನ್ನು ಜೇಬಿಗೆ ಹಾಕಿಕೊಂಡ. ಇದನ್ನೂ ಅವನು ಚೆನ್ನಾಗಿ ಕಲಿತಿದ್ದಾನೆ.

ಸೀಟು ಬಿಟ್ಟು ಏಳುವಾಗ ನಿಂತಿರುವವರಿಗೆ ಹೇಳಿ ಏಳಬೇಕು, ಅದು ಧರ್ಮ. ವರಾಂಡದಲ್ಲಿದ್ದ ಪರಮಶಿವಯ್ಯನವರಿಗೆ ಹೇಳಿದೆ. "ಯಾಕವ್ವ ಬ್ಯಾಡ?" ಅಂದರು. ಮಕ್ಕಳು ನಗುವುದಿಲ್ಲ ಅಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಮೊಮ್ಮಗನನ್ನು ಕಂಕುಳಿಗೆ ಏರಿಸಿಕೊಂಡು ಕೌಂಟರಿನ ಕಡೆಗೆ ಓಡಿದರು.

ಅಲ್ಲಿಂದ ನೇರವಾಗಿ ಹಿಂದಿನ ಬೀದಿಯ ಶಾಲೆಗೆ ಹೋದೆವು. ಗೇಟಿಗೆ ಬಣ್ಣವಿಲ್ಲದ್ದು ನಿಜ. ಒಳಗೆ ಯಾವುದೋ ಕ್ಲಾಸಿನಲ್ಲಿ ಮಗ್ಗಿಯ ಗಲಾಟೆ, ಇನ್ನೊಂದರಲ್ಲಿ ಸುಮ್ಮನೆ ಗಲಾಟೆ. ಆಫೀಸಿನಲ್ಲಿ ಮುಖ್ಯೋಪಾಧ್ಯಾಯಿನಿ ಒಬ್ಬರೇ ಕೂತಿದ್ದರು. ಪಲ್ಲವಿ ನನ್ನ ಸೀರೆಯ ಹಿಂದೆ ಅವಿತುಕೊಂಡಳು, ಬೆರಳು ಇನ್ನೂ ಅಲ್ಲೇ.

"ಏನಮ್ಮಾ ನಿನ್ನ ಹೆಸರು?" ಅಂದರು.

ಪಲ್ಲವಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ನಿಧಾನವಾಗಿ ಬೆರಳು ಇಳಿಸಿದಳು.

"ಪಲ್ಲವಿ. ನಿಮ್ದು?"

"ಶಶಿಕಲಾ."

"ಅಯ್ಯೋ! ನಮ್ಮಜ್ಜಿ ಎಮ್ಮೆ ಹೆಸ್ರೂ ಶಶಿಕಲಾನೇ!"

ಗಂಗಾಧರ್ ಗೋಡೆಯ ಕಡೆ ತಿರುಗಿಕೊಂಡ. ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಲಿನಿಂದ ಒಂದು ಕುರ್ಚಿಯನ್ನು ನನ್ನ ಮಗಳ ಕಡೆಗೆ ತಳ್ಳಿದರು.

"ಹೌದಾ? ಕೂತ್ಕೊಂಡು ಹೇಳು. ಹಾಲು ಎಷ್ಟು ಕೊಡ್ತದೆ?"