ಸುಳ್ಳು ಗಾಳಿ

"ಗಾಳಿ ಮುಖಕ್ಕೇ ಹೊಡೀತಾ ಇದೆಯಲ್ಲೇ! ಇನ್ನೇನು, ಕೈಮುಗಿದು ಕರೀಬೇಕಾ?" ಎಂದ ಗಂಡ, ನಾಲಿಗೆಗೆ ತಾಗಿಸಿದ ಬೆರಳನ್ನು ಮೇಲೆತ್ತಿ ತೋರಿಸುತ್ತ.

ಕೆಳಗಿನ ಊರಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿಯಿಟ್ಟಿದ್ದ ಲಾಂಡ್ರಿ ಅಕ್ಕ ಗಾಳಿಗೆ ಮುಖವೊಡ್ಡಿ ನಿಂತಳು. ಗುಡ್ಡದ ನೆತ್ತಿಯಲ್ಲಿ ಅವಳ ಪಕ್ಕಕ್ಕೆ, ಹೆಗಲಿಗೇರಿಸಿ ಓಡಿ ಹಾರುವ ಹ್ಯಾಂಗ್ ಗ್ಲೈಡರಿನ ಕೆಂಪು ರೆಕ್ಕೆ ಮೂಗನ್ನು ನೆಲಕ್ಕೂರಿ ಕೂತಿತ್ತು. ಚಿಕ್ಕ ದಿಬ್ಬದಿಂದ ಹಾರಿ ಹಾರಿ ಮೊಣಕಾಲು ತರಚಿಕೊಂಡದ್ದಾಗಿತ್ತು. ದೊಡ್ಡ ಗುಡ್ಡದಿಂದ ಒಬ್ಬಳೇ ಹಾರುವುದು ಇದೇ ಮೊದಲು. ಪ್ರತಿ ಸಲವೂ "ಹಾರ್ಲಾ ಸಾರ್?" ಎಂದು ಕೇಳುವ ಅವಳ ಚಾಳಿ ಬಿಡಿಸಲೆಂದೇ ಹಾರಾಟ ಕಲಿಸುವ ಮೇಷ್ಟ್ರು ಬೆಳಿಗ್ಗೆ ಹೇಳಿಬಿಟ್ಟಿದ್ದರು: "ಇವತ್ತು ನನ್ನ ಬಾಯಿಗೆ ಬೀಗ. ಗಾಳಿ ನೋಡೋದೂ ನೀವೇ, ಹೂಂ ಅನ್ನೋದೂ ನೀವೇ. ತಪ್ಪು ಮಾಡಿದ್ರೆ ಹಿಡಿದು ನಿಲ್ಲಿಸ್ತೀನಿ. ಆದ್ರೆ ಮತ್ತೆ ಚಿಕ್ಕ ದಿಬ್ಬಕ್ಕೇ ವಾಪಸ್." ಹೇಳಿದವರು ಬಂಡೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಮುಖ ನೋಡಿಯಾದರೂ ತಿಳಿದುಕೊಳ್ಳೋಣವೆಂದರೆ ಅದೂ ಬಂಡೆಯೇ.

ಗಾಳಿಯ ದಿಕ್ಕು ತೋರಿಸಲು ಕಂಬದ ತುದಿಗೆ ಕಟ್ಟಿದ್ದ ಬಟ್ಟೆಚೀಲ, ಗಾಳಿ ಎದುರಿನಿಂದ ಎನ್ನುತ್ತಿತ್ತು. ಹಾರಲು ಬೇಕಾದದ್ದೂ ಅದೇ. ಅವಳ ಕಾಲುಗಳು ಆಗಲೇ ಓಡಲು ತವಕಿಸುತ್ತಿದ್ದವು. ಆದರೆ ಕಣ್ಣು ಅಭ್ಯಾಸಬಲದಿಂದ ಕೆಳಗಿನ ಊರಿಗೆ, ತನ್ನದೇ ಅಂಗಡಿಯ ತಾರಸಿಗೆ ಹೋಯಿತು. ಬೆಳಿಗ್ಗೆ ಹರವಿ ಬಂದಿದ್ದ ಲಾಡ್ಜಿನ ಬಿಳಿ ಬೆಡ್‌ಶೀಟುಗಳು ಗುಡ್ಡದಿಂದ ಆಚೆಗೆ, ಬಯಲಿನತ್ತ ಪಟಪಟನೆ ಹಾರಾಡುತ್ತಿದ್ದವು. ಮೋಡದ ನೆರಳೂ ಅವಳ ಬೆನ್ನ ಹಿಂದಿನಿಂದ ಹೊರಟು ಅತ್ತಲೇ ಜಾರುತ್ತಿತ್ತು.

ಅವಳಿಗೆ ಹೊಳೆಯಿತು. ನಿಜವಾದ ಗಾಳಿ ಹಿಂದಿನಿಂದ ಬಂದು, ಗುಡ್ಡ ದಾಟಿ, ಅಲ್ಲೇ ಕೆಳಗೆ ಸುರುಳಿ ಸುತ್ತಿ ಮುಖಕ್ಕೆ ಹೊಡೆಯುತ್ತಿದೆ. ಮೇಷ್ಟ್ರು ಸುಳ್ಳು ಗಾಳಿ ಎನ್ನುತ್ತಿದ್ದದ್ದು ಇದನ್ನೇ. ನಂಬಿ ಹಾರಿದವರನ್ನು ನಾಲ್ಕು ಮಾರು ಹೋಗುವಷ್ಟರಲ್ಲಿ ಬಂಡೆಗೆ ಬಡಿಯುತ್ತದೆ.

"ಇಲ್ಲ, ಹಾರಲ್ಲ," ಎಂದಳು.

"ಗಾಳಿ ಬಂದಾಗ ತೂರಿಕೋ ಅಂತಾರೆ. ಇವಳು ನೋಡಿದ್ರೆ..."

"ಯಾವ ಕಡೆಯಿಂದ ಬಂತು ಅಂತ ನೋಡ್ದೆ ತೂರಿದ್ರೆ ಹೊಟ್ಟೆಲ್ಲ ಕಣ್ಣಿಗೇ ರೀ. ಕೆಳಗೆ ನಮ್ಮ ಬೆಡ್‌ಶೀಟ್ ನೋಡಿ, ಏನು ಹೇಳ್ತಾ ಇವೆ ಅಂತ."

"ಇನ್ನೂ ಒಣಗಿಲ್ಲ ಅಂತ ಹೇಳ್ತಾ ಇರ್ತವೆ," ಎಂದು ಗಂಡ ಟೋಪಿಯನ್ನು ಮುಖಕ್ಕೆ ಎಳೆದುಕೊಂಡ. ಕಡಲೆಕಾಯಿ ಸುಲಿಯುತ್ತಿದ್ದ ಮೇಷ್ಟ್ರ ಕೈ ಅರೆಗಳಿಗೆ ನಿಂತಿತು, ಅಷ್ಟೇ.

ಕಾದರು. ತಂದ ಬುತ್ತಿ ಮುಗಿಯಿತು. ಗಂಡ ಒಂದು ನಿದ್ದೆಯನ್ನೂ ಮುಗಿಸಿದ. ಬಿಸಿಲೇರಿದ ಮೇಲೆ ಬೆಡ್‌ಶೀಟುಗಳು ಸುಸ್ತಾಗಿ ಜೋತುಬಿದ್ದವು. ಬಹಳ ಹೊತ್ತಿನ ನಂತರ ಒಂದರ ಅಂಚು ಎದ್ದಿತು, ಆಮೇಲೆ ಇನ್ನೊಂದರದು. ಎಲ್ಲವೂ ಈಗ ಗುಡ್ಡದ ಕಡೆಗೆ ಉಬ್ಬಿಕೊಂಡವು. ಮೋಡದ ನೆರಳುಗಳೂ ಇತ್ತ ತಿರುಗಿದ್ದವು. ಬಯಲಿನ ಹುಲ್ಲು ಬಾಗಿತು, ಇಳಿಜಾರಿನ ಪೊದೆ ತಲೆದೂಗಿತು, ಕೊನೆಗೆ ಅವಳ ಮುಂಗುರುಳು ಹಾರಿತು.

ಅವಳು ಎದ್ದಳು. ಪಟ್ಟಿ ಬಿಗಿದು, ಕೊಕ್ಕೆಯನ್ನು ಎಳೆದು ನೋಡಿ, ರೆಕ್ಕೆಯನ್ನು ಹೆಗಲಿಗೇರಿಸಿದಳು. ಮೇಷ್ಟ್ರ ಕಡೆಗೆ ತಿರುಗಲೇ ಇಲ್ಲ.

"ಹಾರ್ತೀನಿ!" ಎಂದು ಕೂಗಿ ಓಡಿದಳು.

ಓಡುತ್ತಿದ್ದ ಕಾಲಿಗೆ ನೆಲ ಸಿಗದಾಯಿತು. ಇಷ್ಟು ಹೊತ್ತು ಅವಳು ಹೊತ್ತಿದ್ದ ರೆಕ್ಕೆ ಈಗ ಅವಳನ್ನೇ ಹೊತ್ತಿತ್ತು. ಹೊಟ್ಟೆಯಾಳದಿಂದ ನಗು ಉಕ್ಕಿತು. ಎಂಥ ಖುಷಿ ಅದು! ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ ಅವಳು ನಕ್ಕಿರಲಿಲ್ಲ.

ಗುಡ್ಡದ ಮಗ್ಗುಲಿಗುಂಟ ಸಾಗಿ ತಿರುಗಿ ಬಂದಾಗ, ಹೊರಟ ಜಾಗ ಅವಳ ಕಾಲ ಕೆಳಗಿತ್ತು. ಮೇಷ್ಟ್ರು ಬಂಡೆಯ ಮೇಲೆ ನಿಂತು ಎರಡೂ ಕೈ ಬೀಸಿ "ಭೇಷ್!" ಎಂದು ಅರಚುತ್ತಿದ್ದರು, ಬಾಯಿಯ ಬೀಗ ಕಿತ್ತುಹೋಗಿತ್ತು. ಪಕ್ಕದಲ್ಲಿ ಗಂಡ ಟೋಪಿ ತೆಗೆದು, ಕಣ್ಣಿಗೆ ಕೈ ಅಡ್ಡ ಹಿಡಿದು, ಕೆಳಗಿನ ತಾರಸಿಯ ಬೆಡ್‌ಶೀಟುಗಳನ್ನೇ ನೋಡುತ್ತಿದ್ದ.