ಸರಾಸರಿ ಬೋರ್‌ವೆಲ್

ನಮ್ಮ ಪೋಡಿನಲ್ಲಿ ಬೋರ್‌ವೆಲ್ ಇದೆ ಎಂದು ನನಗೆ ಗೊತ್ತಾದದ್ದು ಗ್ರಾಮಸಭೆಯಲ್ಲಿ. ಹುಟ್ಟಿದಾಗಿನಿಂದ ಅಲ್ಲೇ ಇದ್ದೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮದು ಲೊಕ್ಕನಹಳ್ಳಿಯಿಂದಾಚೆ, ಕಾಡಂಚಿನ ಸೋಲಿಗರ ಪೋಡು, ಅಂದರೆ ಪುಟ್ಟ ಹಾಡಿ. ಕೆಳಸಾಲಿನ ಅರ್ಧ ಮನೆಗಳಿಗೆ ನಲ್ಲಿ ಇದೆ. ಮೇಲ್ಸಾಲಿನ ಇನ್ನರ್ಧದವರು ಹಳ್ಳದಿಂದ ನೀರು ಹೊರಬೇಕು. ಆ ಹಳ್ಳಕ್ಕೆ ಆನೆಗಳೂ ಬರುತ್ತವೆ. ಹೋದ ಮಳೆಗಾಲದಲ್ಲಿ ನನ್ನ ಅಜ್ಜಿ ಕೇತಿ ಆನೆ ಕಂಡು ಕೊಡ ಬಿಸಾಕಿ ಓಡಿ, ಬಿದ್ದು ಕಾಲು ಮುರಿದುಕೊಂಡಳು. ಮೇಲ್ಸಾಲಿಗೂ ನಲ್ಲಿ ಬೇಕೆಂದು ಅರ್ಜಿ ಕೊಟ್ಟೆವು. ಸಮೀಕ್ಷೆ ನಡೆಯಿತು.

ಸಭೆಯಲ್ಲಿ ಸಮೀಕ್ಷೆಯ ಅಧಿಕಾರಿ ಗುರುಪ್ರಕಾಶ್ ಲ್ಯಾಪ್‌ಟಾಪ್ ತೆರೆದರು. "ನಲ್ಲಿಗೆ ಒಂದು, ಬೋರ್‌ವೆಲ್‌ಗೆ ಎರಡು, ಹಳ್ಳಕ್ಕೆ ಮೂರು ಅಂತ ನಂಬರ್ ಹಾಕಿದ್ದೀವಿ. ನಿಮ್ಮ ಪೋಡಿನ ಸರಾಸರಿ ಎರಡು. ಅಂದ್ರೆ ಬೋರ್‌ವೆಲ್ ಇದೆ. ಹೊಸ ನಲ್ಲಿ ಬೇಕಿಲ್ಲ. ಎಲ್ಲರೂ ಸಹಿ ಹಾಕಿ."

ನನಗೆ ಮೈ ಉರಿಯಿತು. ಕೊಳ್ಳೇಗಾಲದ ಕಾಲೇಜಿನಲ್ಲಿ ನಾನು ಓದುವ ಸಂಖ್ಯಾಶಾಸ್ತ್ರದ ಮೊದಲ ಪಾಠವೇ ಇದು. ಮಳೆ, ತೂಕ, ಎತ್ತರದಂತೆ ಅಳೆದ ಅಂಕಿಗೆ ಸರಾಸರಿ ಉಂಟು. ಗುರುತಿಗೆಂದು ಅಂಟಿಸಿದ ಅಂಕಿ ಬರೀ ಹೆಸರು. ಯಾವ ಗುರುತಿಗೆ ಎಷ್ಟು ಮನೆ ಎಂದು ಎಣಿಸಬಹುದು, ಕೂಡಿ ಭಾಗಿಸಬಾರದು. ಬಸ್ ನಂಬರುಗಳ ಸರಾಸರಿ ತೆಗೆದರೆ ಯಾವ ಊರೂ ಸಿಗದು.

ಎದ್ದು ನಿಂತೆ. "ಅವು ಬರೀ ಹೆಸ್ರು ಸಾ. ಹೆಸರ್ನ ಯಾರಾದ್ರೂ ಕೂಡ್ತಾರಾ?"

"ಕಂಪ್ಯೂಟರ್ ತಪ್ಪು ಲೆಕ್ಕ ಮಾಡಲ್ಲ ಕಣಮ್ಮ. ಕೂತ್ಕೊ."

ಕೂರಲಿಲ್ಲ. "ಹಂಗಾದ್ರೆ ನಮ್ ಕುಲಕ್ಕೂ ನಂಬರ್ ಹಾಕಿ ಸಾ. ತೆನೆಯರು ಒಂದು, ಸೂರಿಯರು ಎರಡು, ಬೆಳ್ಳೇರು ಮೂರು. ನಮ್ಮಪ್ಪ ತೆನೆಯರು, ಅವ್ವ ಬೆಳ್ಳೇರು. ಸರಾಸರಿ ಎರಡು. ನಾನೇನು ಸೂರಿಯರ ಮಗಳಾ?"

ಸಭೆ ಗೊಳ್ಳೆಂದಿತು. ಅಪ್ಪನ ಕುಲವೇ ಮಕ್ಕಳ ಕುಲ, ಅದೇ ಕುಲದೊಳಗೆ ಮದುವೆಯಿಲ್ಲ. ನಮ್ಮಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ನಿಮ್ ಕಂಪ್ಯೂಟ್ರು ನಮ್ ಉಡ್ಗೀಗೆ ಅಪ್ಪನ್ನೇ ಬದ್ಲಾಯಿಸ್ಬುಡ್ತಲ್ಲ ಸಾ!" ಎಂದ ಕೆಳಸಾಲಿನ ಹಿರಿಯ ಜಡಯ್ಯ.

ಗುರುಪ್ರಕಾಶ್ ಮುಖ ಕೆಂಪಗೆ ಮಾಡಿಕೊಂಡು ಪೆನ್ನನ್ನು ಮುಂದಕ್ಕೆ ತಳ್ಳಿದರು. "ವರದಿ ಆಗಲೇ ಸಿದ್ಧವಾಗಿದೆ. ಸುಮ್ಮನೆ ಸಹಿ ಹಾಕಿ."

ಜಡಯ್ಯನ ಮನೆಯಲ್ಲಿ ನಲ್ಲಿ ಇದೆ. ಈ ಜಗಳದಿಂದ ಅವನಿಗೆ ಆಗಬೇಕಾದದ್ದೇನೂ ಇರಲಿಲ್ಲ. ಆದರೂ ಪೆನ್ನನ್ನು ಮೊದಲು ಹಿಂದಕ್ಕೆ ತಳ್ಳಿದವನು ಅವನೇ. ಆಮೇಲೆ ಕೆಳಸಾಲಿನವರು ಒಬ್ಬರೂ ಅದನ್ನು ಮುಟ್ಟಲಿಲ್ಲ.

ಸಭೆಯಿಂದ ನೇರ ಹಳ್ಳಕ್ಕೆ ಹೋಗಲೆಂದು ನಾನು ಖಾಲಿ ಕೊಡ ತಂದಿದ್ದೆ. ಅಜ್ಜಿ ಕೋಲೂರಿಕೊಂಡು ಬಂದು, ಅದನ್ನೆತ್ತಿ ಲ್ಯಾಪ್‌ಟಾಪಿನ ಪಕ್ಕಕ್ಕೆ ಕುಕ್ಕಿ, ಗುರುಪ್ರಕಾಶ್ ಕಡೆ ತಿರುಗಿದಳು.

"ಆ ಬೋರು ಎಲ್ಲದೋ ಅಲ್ಗೆ ಓಗಿ ತುಂಬಕಂಡ್ ಬಾ ಮಗ. ಆಮೇಲೆ ಎಬ್ಬೆಟ್ಟು ಒತ್ತೀನಿ."